16 ಸೆಲ್ ಎಲ್‌ಎಫ್‌ಪಿ ಬೈಕ್: ಪ್ರತಿ ಸೆಲ್ಲಿನ ವೋಲ್ಟೇಜ್ ಕಡಿಮೆ ಖರ್ಚಿನಲ್ಲಿ ನೋಡೋದು ಹೇಗೆ?

#1 ಸಾಲ್ಡರ್‌ಕಡ್ಡಿ

ಎಲ್ಲರಿಗೂ ನಮಸ್ಕಾರ. ಪ್ಯಾಕಿನ ವಿವರ ಮೊದಲು ಕೊಟ್ಟುಬಿಡ್ತೀನಿ.

ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಪ್ರಿಸ್ಮ್ಯಾಟಿಕ್ ಸೆಲ್, 50 ಎಎಚ್ (ಆಂಪ್‌ಅವರ್), 16 ಸೆಲ್ ಸೀರೀಸಿನಲ್ಲಿ. ಹೆಸರಿಗೆ 51.2 ವೋಲ್ಟ್, ಪೂರ್ತಿ ಚಾರ್ಜ್ ಆದಾಗ 58.4. ಕಂಟ್ರೋಲರ್ ಹೆಚ್ಚೆಂದರೆ 100 ಆಂಪ್ ಎಳೆಯುತ್ತೆ, 44 ವೋಲ್ಟಿಗೆ ಕಟ್ ಆಗುತ್ತೆ. ಬಿಎಂಎಸ್ (ಸೆಲ್ಲುಗಳನ್ನು ಕಾಯುವ ಬೋರ್ಡ್) ಕಾಮನ್ ಪೋರ್ಟಿನದು, ಅಂದರೆ ಚಾರ್ಜೂ ಡಿಸ್ಚಾರ್ಜೂ ಒಂದೇ ದಾರಿಯಲ್ಲಿ. ಅದರಲ್ಲಿ ನಾಲ್ಕು ಪಿನ್ನಿನ ಒಂದು ಸಾಕೆಟ್ ಖಾಲಿ ಇದೆ.

ಓಡಿಸುವಾಗ 16 ಸೆಲ್ಲಿನ ವೋಲ್ಟೇಜೂ ಹ್ಯಾಂಡಲ್ ಹತ್ತಿರ ಕಾಣಬೇಕು, ಯಾವುದಾದರೂ ಸೆಲ್ ಕುಸಿದರೆ ಬಜರ್ ಕೂಗಬೇಕು. ಖರ್ಚು 1500 ರೂಪಾಯಿ ದಾಟಬಾರದು.

ಯೋಚನೆ ಹೀಗಿದೆ: ಪ್ರತಿ ಟ್ಯಾಪಿಗೆ (ಸೆಲ್ಲುಗಳ ನಡುವಿನಿಂದ ತೆಗೆದ ಅಳತೆಯ ವೈರು) ವೋಲ್ಟೇಜ್ ಇಳಿಸಲು ಒಟ್ಟು 200 ಕಿಲೋಓಮ್‌ನ ರೆಸಿಸ್ಟರ್ ಡಿವೈಡರ್, ವೋಲ್ಟೇಜ್ ಅಳೆಯಲು ನಾಲ್ಕು ಎಡಿಎಸ್1115 ಬೋರ್ಡ್ (ಒಂದಕ್ಕೆ 4 ಚಾನೆಲ್, ಒಟ್ಟು 16), ಒಂದು ಇಎಸ್‌ಪಿ32 ಮೈಕ್ರೋಕಂಟ್ರೋಲರ್. ಕೆಳಗಿನ ಟ್ಯಾಪಿನ ಲೆಕ್ಕವನ್ನು ಮೇಲಿನದರಿಂದ ಕಳೆದರೆ ಸೆಲ್ ವೋಲ್ಟೇಜ್ ಸಿಗುತ್ತೆ. ಇದರಲ್ಲಿ ಎಲ್ಲಿ ಎಡವುತ್ತೀನಿ ಹೇಳಿ.

#2 ಮಿಲಿವೋಲ್ಟ್

ಸೆಲ್ ಸೆಲ್ ನೋಡಬೇಕು ಅನ್ನೋದು ಸರಿಯಾದ ನಿರ್ಧಾರ. ನಿಮ್ಮ 44 ವೋಲ್ಟ್ ಕಟ್ ಏನನ್ನೂ ಕಾಯುವುದಿಲ್ಲ. 15 ಸೆಲ್ ತಲಾ 3.0 ವೋಲ್ಟಿನಲ್ಲಿದ್ದು ಹದಿನಾರನೆಯದು ಸೊನ್ನೆಗೆ ಬಿದ್ದರೂ ಪ್ಯಾಕ್ ಒಟ್ಟು 45 ವೋಲ್ಟ್ ತೋರಿಸುತ್ತೆ. ಕಂಟ್ರೋಲರ್ ಎಳೀತಾನೇ ಇರುತ್ತೆ, ಸತ್ತ ಸೆಲ್ಲಿನ ಧ್ರುವ ತಿರುಗಿ ಅದರೊಳಗೆ ಉಲ್ಟಾ ಚಾರ್ಜ್ ಹೋಗುತ್ತೆ.

ಆದರೆ ಡಿವೈಡರ್ ದಾರಿ ಬೇಡ. ಕಾರಣ ಎರಡು.

ಮೊದಲನೆಯದು ಬಿಸಿ. ಎಡಿಎಸ್1115ರ ರೆಸಲ್ಯೂಷನ್ ಬೇಕಾದಷ್ಟಿದೆ, ತೊಂದರೆ ರೆಸಿಸ್ಟರಿನದು. ಸಾಮಾನ್ಯ ಮೆಟಲ್ ಫಿಲ್ಮ್ ರೆಸಿಸ್ಟರ್ ಪ್ರತಿ ಡಿಗ್ರಿಗೆ 100 ಪಿಪಿಎಂ ವರೆಗೆ ಜಾರುತ್ತೆ. ಜೋಡಿಯ ಎರಡು ರೆಸಿಸ್ಟರ್ ಅಷ್ಟು ವ್ಯತ್ಯಾಸದಲ್ಲಿ ಜಾರಿದರೆ, ಬೆಳಿಗ್ಗೆ 25 ಡಿಗ್ರಿಯಲ್ಲಿ ಕ್ಯಾಲಿಬ್ರೇಟ್ ಮಾಡಿದ ಬೋರ್ಡ್ ಸೀಟಿನ ಕೆಳಗೆ 55 ಡಿಗ್ರಿ ಆದಾಗ ಅನುಪಾತ ಶೇಕಡಾ 0.3 ಬದಲಾಗುತ್ತೆ. 51 ವೋಲ್ಟಿನ ಟ್ಯಾಪಿನಲ್ಲಿ ಅದು ಸುಮಾರು 150 ಮಿಲಿವೋಲ್ಟ್. ನಾವು ಹುಡುಕ್ತಿರೋದು 50ರಿಂದ 100 ಮಿಲಿವೋಲ್ಟಿನ ವ್ಯತ್ಯಾಸ. ಕೆಳಗಿನ ಮೂರ್ನಾಲ್ಕು ಸೆಲ್ ನೆಟ್ಟಗೆ ಓದಿಸುತ್ತೆ, ಮೇಲಿನವು ಬಿಸಿಲು ನೆರಳಿಗೆ ತಕ್ಕಂತೆ ಕುಣಿಯುತ್ತವೆ.

ಎರಡನೆಯದು ಸೋರಿಕೆ, ಇದು ಇನ್ನೂ ಕೆಟ್ಟದ್ದು. ಪ್ರತಿ ಡಿವೈಡರಿನ ಕರೆಂಟೂ ತನ್ನ ಕೆಳಗಿರುವ ಎಲ್ಲ ಸೆಲ್ಲುಗಳ ಮೂಲಕ ಹಾದುಹೋಗುತ್ತೆ. ಲೆಕ್ಕ ಹಾಕಿದರೆ ಒಂದನೇ ಸೆಲ್ಲಿನಿಂದ 2.18 ಮಿಲಿಆಂಪ್, ಹದಿನಾರನೆಯದರಿಂದ ಬರೀ 0.26. ತಿಂಗಳಿಗೆ 720 ಗಂಟೆ, ವ್ಯತ್ಯಾಸ ಹತ್ತಿರ ಹತ್ತಿರ 1.4 ಎಎಚ್. ಸೆಲ್ ಕಾಯಲು ಹಾಕಿದ ಬೋರ್ಡೇ ಪ್ಯಾಕಿನ ಬ್ಯಾಲೆನ್ಸ್ ಕೆಡಿಸುತ್ತೆ. ಬಿಎಂಎಸ್‌ನ ಪ್ಯಾಸಿವ್ ಬ್ಯಾಲೆನ್ಸರ್ (ಹೆಚ್ಚು ತುಂಬಿದ ಸೆಲ್ಲಿನ ಚಾರ್ಜನ್ನು ರೆಸಿಸ್ಟರಿನಲ್ಲಿ ಸುಟ್ಟು ಸಮ ಮಾಡುವುದು) 50 ಮಿಲಿಆಂಪಿನದಾಗಿದ್ದರೆ ಅಷ್ಟನ್ನು ಸರಿಪಡಿಸಲು 28 ಗಂಟೆ ಬೇಕು, ಅದೂ ಚಾರ್ಜ್ ತುದಿಯಲ್ಲಿರುವಾಗ ಮಾತ್ರ.

ರೆಸಿಸ್ಟರಿನ ಓಮ್ ಹತ್ತು ಪಟ್ಟು ಏರಿಸಿದರೆ ಸೋರಿಕೆ ಇಳಿಯುತ್ತೆ ನಿಜ. ಆದರೆ ಆ ರೇಂಜಿನಲ್ಲಿ ಎಡಿಎಸ್1115ರ ಇನ್‌ಪುಟ್ ಇಂಪೆಡೆನ್ಸೇ 6 ಮೆಗಾಓಮ್ ಆಸುಪಾಸು. ಕೆಳಗಿನ ರೆಸಿಸ್ಟರಿಗೆ ಅದು ಸಮಾನಾಂತರವಾಗಿ ಸೇರಿಕೊಂಡು ಓದು ತಪ್ಪುತ್ತೆ. ಮಳೆಗಾಲದಲ್ಲಿ ಬೋರ್ಡಿನ ಮೇಲೆ ಕೂತ ತೇವವೂ ಅದಕ್ಕೆ ಸೇರಿಕೊಳ್ಳುತ್ತೆ.

ಆ ನಾಲ್ಕು ಪಿನ್ ಸಾಕೆಟ್ ಯಾವುದು, ಮೊದಲು ಅದನ್ನು ನೋಡಿ.

#3 ಬೈಟ್‌ಬಸವ

ಮಿಲಿವೋಲ್ಟ್ ಸರ್ ಹೇಳಿದ್ದೇ ಸರಿ. ಬಿಎಂಎಸ್ ಒಳಗಿರುವ ಚಿಪ್ ಆಗಲೇ ಪ್ರತಿ ಸೆಲ್ಲನ್ನೂ ಅಳೆಯುತ್ತಾ ಕೂತಿದೆ, ಎರಡನೇ ಸಲ ನಾವೇಕೆ ಅಳೆಯಬೇಕು? ಅದನ್ನು ಕೇಳಿದರೆ ಸಾಕು.

ಆ ಸಾಕೆಟ್ ಯುಎಆರ್‌ಟಿ (ಬೈಟುಗಳನ್ನು ಸಾಲಾಗಿ ಕಳಿಸುವ ಸೀರಿಯಲ್ ಸಂಪರ್ಕ) ಆಗಿದ್ದು ಬಿಎಂಎಸ್ ಜೆಬಿಡಿ ಪ್ರೋಟೋಕಾಲಿನದಾಗಿದ್ದರೆ (ಇಲ್ಲಿ ಸಿಗುವ ಸ್ಮಾರ್ಟ್ ಬಿಎಂಎಸ್‌ಗಳಲ್ಲಿ ಬಹಳಷ್ಟು ಅದೇ), ವೇಗ 9600 ಬಾಡ್. ಸೆಲ್ ವೋಲ್ಟೇಜ್ ಕೇಳಲು ಈ ಏಳು ಬೈಟ್ ಕಳಿಸಿ, ದಶಮಾನದಲ್ಲಿ ಬರೆದಿದ್ದೀನಿ:

221, 165, 4, 0, 255, 252, 119

ಉತ್ತರ 221, 4, 0, 32 ಎಂದು ಶುರುವಾಗುತ್ತೆ. 32 ಅಂದರೆ 16 ಸೆಲ್ಲಿಗೆ ತಲಾ ಎರಡು ಬೈಟ್. ಆಮೇಲೆ ಡೇಟಾ, ಎರಡು ಬೈಟ್ ಚೆಕ್‌ಸಮ್, ಕೊನೆಗೆ 119. ಒಟ್ಟು 39 ಬೈಟ್. ಮೊದಲ ಬೈಟನ್ನು 256ರಿಂದ ಗುಣಿಸಿ ಎರಡನೆಯದನ್ನು ಕೂಡಿಸಿದರೆ ನೇರ ಮಿಲಿವೋಲ್ಟ್. 12, 228 ಬಂದರೆ 3300, ಅಂದರೆ 3.300 ವೋಲ್ಟ್.

ಕರೆಂಟ್, ಒಟ್ಟು ವೋಲ್ಟೇಜ್, ತಾಪಮಾನ ಬೇಕಿದ್ದರೆ: 221, 165, 3, 0, 255, 253, 119.

ಚೆಕ್‌ಸಮ್ ನೋಡದೆ ಯಾವ ಸಂಖ್ಯೆಯನ್ನೂ ನಂಬಬೇಡಿ. ಉತ್ತರದಲ್ಲಿ ಮೂರನೇ ಬೈಟಿನಿಂದ (ಸ್ಟೇಟಸ್) ಡೇಟಾದ ಕೊನೆಯವರೆಗೂ ಕೂಡಿಸಿ 65536ರಿಂದ ಕಳೆಯಿರಿ, ಅದು ಬಂದ ಎರಡು ಬೈಟಿಗೆ ಸರಿಹೊಂದಬೇಕು. ಮೋಟಾರ್ ಎಳೆಯುವಾಗ ಒಂದು ಬೈಟ್ ಕೆಟ್ಟು ಸೆಲ್ 1.2 ವೋಲ್ಟ್ ಅಂತ ಓದಿಸಿ ಬಜರ್ ಕೂಗಿದರೆ, ನಾಲ್ಕನೇ ಸಲಕ್ಕೆ ನೀವೇ ಬಜರ್ ವೈರು ಕಿತ್ತು ಹಾಕ್ತೀರಿ.

ಗಾಡಿ ನಿಂತು ಬಿಎಂಎಸ್ ಮಲಗಿದ್ದರೆ ಮೊದಲ ಕೋರಿಕೆಗೆ ಅದು ಎದ್ದೇಳುತ್ತೆ ಅಷ್ಟೆ, ಉತ್ತರ ಕೊಡದೇ ಇರಬಹುದು. 300 ಮಿಲಿಸೆಕೆಂಡ್ ಬಿಟ್ಟು ಮತ್ತೆ ಕೇಳಿ. ಐದು ಸಲ ಉತ್ತರ ಬರದಿದ್ದರೆ ಪರದೆಯಲ್ಲಿ ಹಳೆಯ ಸಂಖ್ಯೆ ಉಳಿಸಬೇಡಿ, ಖಾಲಿ ಗೆರೆ ತೋರಿಸಿ. ಹಳೆಯ ಸಂಖ್ಯೆ ಹಾಗೇ ನಿಂತ ಪರದೆಯನ್ನು ನಂಬಿ ಓಡಿಸುವುದು ಪರದೆಯೇ ಇಲ್ಲದೆ ಓಡಿಸುವುದಕ್ಕಿಂತ ಅಪಾಯ.

#4 ತಾಮ್ರತಂತಿ

ಬಸವಣ್ಣ, ಒಂದು ಮಾತು ಬಿಟ್ಟಿರಿ. ಅದನ್ನು ಹೇಳದೆ ಯಾರೂ ಆ ನಾಲ್ಕು ಪಿನ್ನಿಗೆ ವೈರು ಹಾಕಬಾರದು.

ಕಾಮನ್ ಪೋರ್ಟ್ ಬಿಎಂಎಸ್ ಕತ್ತರಿಸುವುದು ನೆಗೆಟಿವ್ ಕಡೆ. ಸೆಲ್ಲಿನ ನೆಗೆಟಿವ್ ಬಿ-ಮೈನಸ್, ಗಾಡಿಯ ನೆಗೆಟಿವ್ ಪಿ-ಮೈನಸ್, ನಡುವೆ ಮಾಸ್‌ಫೆಟ್‌ಗಳು (ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್). ಯುಎಆರ್‌ಟಿಯ ಗ್ರೌಂಡ್ ಬಿ-ಮೈನಸ್ ಕಡೆಯದು. ಇಎಸ್‌ಪಿ32ಕ್ಕೆ ಪವರನ್ನು ಗಾಡಿಯ ಡಿಸಿ-ಡಿಸಿ ಕನ್ವರ್ಟರಿನಿಂದ ಕೊಟ್ಟರೆ ಅದರ ಗ್ರೌಂಡ್ ಪಿ-ಮೈನಸ್. ಎರಡನ್ನೂ ಒಂದೇ ಬೋರ್ಡಿಗೆ ತಂದ ಕ್ಷಣ ಕೂದಲಿನಂಥ ಯುಎಆರ್‌ಟಿ ವೈರು ಮಾಸ್‌ಫೆಟ್‌ಗಳನ್ನು ಬೈಪಾಸ್ ಮಾಡಿಬಿಡುತ್ತೆ. ದಿನನಿತ್ಯ ಏನೂ ಗೊತ್ತಾಗುವುದಿಲ್ಲ, ಮಾಸ್‌ಫೆಟ್‌ಗಳ ದಾರಿ ಕೆಲವೇ ಮಿಲಿಓಮ್. ಬಿಎಂಎಸ್ ಟ್ರಿಪ್ ಆದ ದಿನ ಇಡೀ ಗಾಡಿಯ ಕರೆಂಟ್ ಆ ಒಂದು ಎಳೆಗೆ ನುಗ್ಗುತ್ತೆ. ವೈರು ಸುಡುತ್ತೆ, ಜೊತೆಗೆ ಬಿಎಂಎಸ್‌ನ ಸಂವಹನದ ಭಾಗವೂ ಹೋಗುತ್ತೆ.

ಪರೀಕ್ಷೆ ಸುಲಭ. ಪ್ಯಾಕಿನಿಂದ ಪೂರ್ತಿ ಬಿಡಿಸಿದ ಬಿಎಂಎಸ್‌ನಲ್ಲಿ ಸಾಕೆಟ್ಟಿನ ಗ್ರೌಂಡ್ ಪಿನ್ನಿಗೂ ಬಿ-ಮೈನಸ್‌ಗೂ ಕಂಟಿನ್ಯೂಯಿಟಿ ಬೀಪ್ ಬರುತ್ತಾ ನೋಡಿ.

ದಾರಿ ಎರಡು. ಒಂದು, ನಡುವೆ ಎಡಿಯುಎಂ1201 ಐಸೊಲೇಟರ್ (ಗ್ರೌಂಡ್ ಸೇರಿಸದೆ ಸಿಗ್ನಲ್ ಮಾತ್ರ ದಾಟಿಸುವ ಚಿಪ್): ಬಿಎಂಎಸ್ ಕಡೆಯ ಅರ್ಧಕ್ಕೆ ಅದೇ ಸಾಕೆಟ್ಟಿನ ನಾಲ್ಕನೇ ಪಿನ್ನಿನಿಂದ ರೆಗ್ಯುಲೇಟರ್ ಮೂಲಕ 3.3 ವೋಲ್ಟ್, ಈ ಕಡೆಯ ಅರ್ಧಕ್ಕೆ ಇಎಸ್‌ಪಿ32ರ 3.3. ಆ ನಾಲ್ಕನೇ ಪಿನ್ ಬ್ಲೂಟೂತ್ ಮಾಡ್ಯೂಲಿಗೆ ಪವರ್ ಕೊಡಲು ಇರುವುದು. ಅಲ್ಲಿ ಎಷ್ಟು ವೋಲ್ಟ್ ಇದೆ ಅಂತ ಅಳೆದ ಮೇಲೇ ರೆಗ್ಯುಲೇಟರ್ ಆರಿಸಿ. ಎರಡನೆಯ ದಾರಿ, ವೈರೇ ಬೇಡ.

#5 ಬೈಟ್‌ಬಸವ

ಒಪ್ಪಿದೆ ತಾಮ್ರಣ್ಣ, ಅದು ಮೊದಲೇ ಬರಬೇಕಿತ್ತು.

ವೈರಿಲ್ಲದ ದಾರಿ: ಬಿಎಂಎಸ್ ಜೊತೆ ಬರುವ ಬ್ಲೂಟೂತ್ ಡಾಂಗಲನ್ನೇ ಸಾಕೆಟ್ಟಿಗೆ ಹಾಕಿ, ಇಎಸ್‌ಪಿ32 ಅದಕ್ಕೆ ಬಿಎಲ್‌ಇ (ಕಡಿಮೆ ಶಕ್ತಿಯ ಬ್ಲೂಟೂತ್) ಮೂಲಕ ಸೇರಲಿ. ಸರ್ವಿಸ್ ಎಫ್‌ಎಫ್00. ಎಫ್‌ಎಫ್02ಕ್ಕೆ ಮೇಲಿನ ಏಳು ಬೈಟ್ ಬರೆಯಿರಿ, ಎಫ್‌ಎಫ್01ರಲ್ಲಿ ನೋಟಿಫಿಕೇಷನ್ ಆಗಿ ಉತ್ತರ ಬರುತ್ತೆ. ಎಡವೋದು ಇಲ್ಲೇ: ಒಂದು ನೋಟಿಫಿಕೇಷನ್ನಿನಲ್ಲಿ 20 ಬೈಟ್ ಮಾತ್ರ. 39 ಬೈಟಿನ ಉತ್ತರ ಎರಡು ತುಂಡಾಗಿ ಬರುತ್ತೆ. 221 ಕಂಡಾಗ ಬಫರ್ ಖಾಲಿ ಮಾಡಿ ಶುರು ಮಾಡಿ, ನಾಲ್ಕನೇ ಬೈಟಿನಿಂದ ಉದ್ದ ತಿಳಿದು ಅಷ್ಟು ತುಂಬುವವರೆಗೆ ಸೇರಿಸುತ್ತಾ ಹೋಗಿ. ಡೇಟಾದ ನಡುವೆಯೂ 221 ಅಥವಾ 119 ಬರಬಹುದು, ಆದ್ದರಿಂದ ಬಫರ್ ತುಂಬುತ್ತಿರುವಾಗ ಕಂಡ 221ನ್ನು ಹೊಸ ಆರಂಭ ಅಂದುಕೊಳ್ಳಬೇಡಿ.

ಇಎಸ್‌ಪಿ32 ಸೇರಿಕೊಂಡಿರುವಾಗ ಫೋನಿನ ಆ್ಯಪ್ ಸೇರುವುದಿಲ್ಲ. ಸೆಟ್ಟಿಂಗ್ ಬದಲಿಸಬೇಕಾದಾಗ ಕೀ ಆಫ್ ಮಾಡಿ. ಡಾಂಗಲ್, ಇಎಸ್‌ಪಿ32, ಚಿಕ್ಕ ಓಎಲ್‌ಇಡಿ ಪರದೆ, ಬಜರ್ ಎಲ್ಲ ಸೇರಿ 1500ರ ಒಳಗೇ ಮುಗಿಯುತ್ತೆ.

ಇಎಸ್‌ಪಿ32ರ ಪವರ್ ಬಗ್ಗೆ: ಎಲ್‌ಎಂ2596 ಬಕ್ ಬೋರ್ಡನ್ನು ಪ್ಯಾಕಿಗೆ ನೇರ ಹಾಕಬೇಡಿ, ಅದು 40 ವೋಲ್ಟಿನದು. ಎಚ್‌ವಿ ಅಂತ ಬರೆದದ್ದೂ 60ರ ಅಂಚಿನದು, ನಿಮ್ಮ ಪ್ಯಾಕ್ 58.4. ಗಾಡಿಯ 12 ವೋಲ್ಟ್ ಲೈನಿನಿಂದ ಒಳ್ಳೆಯ ಕಾರ್ ಚಾರ್ಜರ್ ಮೂಲಕ 5 ವೋಲ್ಟ್ ತೆಗೆಯಿರಿ.

#6 ಎಸ್‌ಪಿ_ರೋಡ್

ಸ್ಮಾರ್ಟ್ ಬಿಎಂಎಸ್ ಇದ್ದವರಿಗೆ ಅದು ಸರಿ. ಯುಎಆರ್‌ಟಿಯೇ ಇಲ್ಲದ ಸಾದಾ ಬಿಎಂಎಸ್ ಇದ್ದವರಿಗೆ ಇನ್ನೊಂದು ಹಳೆಯ, ಗಟ್ಟಿ ದಾರಿ ಇದೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿನಲ್ಲಿ ಒಂದು ಸುತ್ತು ಹಾಕಿದರೆ ಬಹುಪಾಲು ಸಾಮಾನು ಸಿಗುತ್ತೆ.

ಪ್ರತಿ ಸೆಲ್ಲಿಗೆ: 2.7 ವೋಲ್ಟಿನ ವೋಲ್ಟೇಜ್ ಡಿಟೆಕ್ಟರ್ ಒಂದು (ಟಿಸಿ54ವಿಎನ್2702 ಅಥವಾ ಎಚ್‌ಟಿ7027, ಎರಡೂ ಓಪನ್ ಡ್ರೇನ್, ಅಂದರೆ ವೋಲ್ಟೇಜ್ ಇಳಿದಾಗ ಔಟ್‌ಪುಟ್ಟನ್ನು ಮೈನಸ್‌ಗೆ ಎಳೆಯುವಂಥವು, ಮೂರು ಕಾಲಿನ ಟಿಒ-92 ರೂಪದಲ್ಲೂ ಬರುತ್ತವೆ), ಪಿಸಿ817ಸಿ ಆಪ್ಟೋಕಪ್ಲರ್ (ಒಳಗಿನ ಎಲ್‌ಇಡಿಯ ಬೆಳಕಿನಿಂದಲೇ ಆಚೆಯ ಟ್ರಾನ್ಸಿಸ್ಟರನ್ನು ಆನ್ ಮಾಡುವ ಭಾಗ) ಒಂದು, 1.5 ಕಿಲೋಓಮ್ ರೆಸಿಸ್ಟರ್ ಒಂದು, 100 ನ್ಯಾನೋಫ್ಯಾರಡ್ ಕೆಪಾಸಿಟರ್ ಒಂದು. ಸೆಲ್ ಪ್ಲಸ್‌ನಿಂದ ರೆಸಿಸ್ಟರ್, ಅಲ್ಲಿಂದ ಆಪ್ಟೋದ ಎಲ್‌ಇಡಿ, ಅಲ್ಲಿಂದ ಡಿಟೆಕ್ಟರಿನ ಔಟ್‌ಪುಟ್. ಡಿಟೆಕ್ಟರಿನ ಉಳಿದೆರಡು ಕಾಲು ಸೆಲ್ಲಿನ ಪ್ಲಸ್ ಮೈನಸ್‌ಗೆ, ಕೆಪಾಸಿಟರ್ ಅವುಗಳ ನಡುವೆ. ಸೆಲ್ 2.7ಕ್ಕಿಂತ ಕೆಳಗಿಳಿದರೆ ಒಂದು ಮಿಲಿಆಂಪ್ ಹರಿದು ಎಲ್‌ಇಡಿ ಹೊತ್ತುತ್ತೆ. ಆಚೆ ಕಡೆ 16 ಟ್ರಾನ್ಸಿಸ್ಟರನ್ನೂ ಸಮಾನಾಂತರವಾಗಿ ಕಟ್ಟಿ ಇಎಸ್‌ಪಿ32ರ ಒಂದೇ ಪಿನ್ನಿಗೆ, 10 ಕಿಲೋಓಮ್ ಪುಲ್‌ಅಪ್ ಜೊತೆ. ಸುಮ್ಮನಿದ್ದಾಗ ಡಿಟೆಕ್ಟರ್ ಕುಡಿಯೋದು ಕೆಲವೇ ಮೈಕ್ರೋಆಂಪ್, ಅದೂ ಎಲ್ಲ ಸೆಲ್ಲಿನಿಂದ ಸಮನಾಗಿ. ಹಾಗಾಗಿ ಬ್ಯಾಲೆನ್ಸ್ ಕೆಡುವುದಿಲ್ಲ, ಐಸೊಲೇಷನ್ ಚಿಂತೆಯೂ ಇಲ್ಲ.

ಆಪ್ಟೋ ತೆಗೆದುಕೊಳ್ಳುವಾಗ ಕೊನೆಯ ಅಕ್ಷರ ಸಿ ಇರಲಿ. ಅಕ್ಷರ ನೋಡದೆ ತಂದರೆ ಗೇನ್ ಕಡಿಮೆಯಿರುವುದು ಬಂದು ಒಂದು ಮಿಲಿಆಂಪಿಗೆ ಪಿನ್ ಪೂರ್ತಿ ಕೆಳಗೆ ಬರದೇ ಇರಬಹುದು. ಯಾವ ಸೆಲ್ ಅಂತ ತಿಳಿಯಲಿ ಎಂದು ಆಪ್ಟೋ ಜೊತೆ ಸೀರೀಸಿನಲ್ಲಿ ಕೆಂಪು ಎಲ್‌ಇಡಿ ಹಾಕಬೇಡಿ. 1.8 ಮತ್ತು 1.1 ಸೇರಿ 2.9 ವೋಲ್ಟ್ ಆಯಿತು, 2.7ರಲ್ಲಿ ಎರಡೂ ಹೊತ್ತುವುದಿಲ್ಲ.

#7 ಸಾಲ್ಡರ್‌ಕಡ್ಡಿ

ಎಲ್ಲರಿಗೂ ಧನ್ಯವಾದ. ಡಿವೈಡರ್ ಯೋಚನೆ ಬಿಟ್ಟೆ. ಸಾಕೆಟ್ಟಿನ ಗ್ರೌಂಡ್ ಬಿ-ಮೈನಸ್‌ಗೆ ಬೀಪ್ ಆಗುತ್ತೆ, ಆದ್ದರಿಂದ ಬ್ಲೂಟೂತ್ ದಾರಿ. ಆದರೆ ಬಿಎಂಎಸ್ ಒಂದನ್ನೇ ನಂಬೋಕೆ ಮನಸ್ಸಿಲ್ಲ. ಅದನ್ನು ಅವಲಂಬಿಸದ ಎರಡನೇ ಕಾವಲಾಗಿ ಆಪ್ಟೋ ಬೋರ್ಡೂ ಹಾಕ್ತೀನಿ. ಡಿಟೆಕ್ಟರ್ ಬದಲು ಟಿಎಲ್431 ವೋಲ್ಟೇಜ್ ರೆಫರೆನ್ಸ್ ಚಿಪ್ ಆಗುತ್ತಾ? ಅದು ಎಲ್ಲ ಅಂಗಡಿಯಲ್ಲೂ ಇದೆ.

#8 ಮಿಲಿವೋಲ್ಟ್

ಎಲ್‌ಎಫ್‌ಪಿಗೆ ಆಗಲ್ಲ. ಟಿಎಲ್431 ಪೂರ್ತಿ ಆನ್ ಆದಾಗಲೂ ತನ್ನ ಮೇಲೆ ಸುಮಾರು 2 ವೋಲ್ಟ್ ಉಳಿಸಿಕೊಳ್ಳುತ್ತೆ. ಆಪ್ಟೋ ಎಲ್‌ಇಡಿಯ 1.1 ಸೇರಿದರೆ 3.1. ನಿಮ್ಮ ಸೆಲ್ ಇರುವುದೇ 3.2ರಲ್ಲಿ. ಜೊತೆಗೆ ಅದು ವೋಲ್ಟೇಜ್ ಮೇಲೇರಿದಾಗ ಆನ್ ಆಗುವ ಭಾಗ, ನಿಮಗೆ ಬೇಕಿರುವುದು ಇಳಿದಾಗ. ಅದರ ಡಿವೈಡರಿನ ಕರೆಂಟ್ ಬೇರೆ ಹಗಲು ರಾತ್ರಿ ಹರಿಯುತ್ತಿರುತ್ತೆ.

ಆಪ್ಟೋ ಬೋರ್ಡಿನ ಒಂದು ಕುರುಡು ಜಾಗ ಎಲ್ಲರೂ ತಿಳಿದಿರಬೇಕು. ಆ ಎಲ್‌ಇಡಿಗೆ ಊಟ ಕೊಡುವುದು ಅದೇ ಸೆಲ್. ಸೆಲ್ 1.1 ವೋಲ್ಟಿಗಿಂತ ಕೆಳಗೆ ಹೋದರೆ ಎಲ್‌ಇಡಿ ಆರುತ್ತೆ. ಅಂದರೆ ಸೆಲ್ ಬಳಲುತ್ತಿರುವಾಗ ಕೂಗುವ ಅಲಾರಂ, ಪೂರ್ತಿ ಸತ್ತಾಗ ಸುಮ್ಮನಾಗುತ್ತೆ. ಆದ್ದರಿಂದ ಎರಡು ಸೇರಿಸಿ.

ಒಂದು, ಕೋಡಿನಲ್ಲಿ ಲ್ಯಾಚ್: ಎಚ್ಚರಿಕೆಯ ಮಿತಿ ದಾಟಿ ಒಮ್ಮೆ ಅಲಾರಂ ಬಂದರೆ ಕೀ ಆಫ್ ಮಾಡುವವರೆಗೂ ದೀಪ ಉಳಿಯಲಿ.

ಎರಡು, ಅರ್ಧ ಪ್ಯಾಕ್ ಹೋಲಿಕೆ. 8ನೇ ಸೆಲ್ಲಿನ ಪ್ಲಸ್ ಮತ್ತು 16ನೆಯದರ ಪ್ಲಸ್, ಎರಡೇ ಟ್ಯಾಪ್. ನಿಮ್ಮ ಹತ್ತಿರ ಎಡಿಎಸ್1115 ಇದ್ದೇ ಇದೆ. ಮೇಲಿನದಕ್ಕೆ 220 ಕಿಲೋಓಮ್ ಮೇಲೆ, 12 ಕಿಲೋಓಮ್ ಕೆಳಗೆ: 58.4 ವೋಲ್ಟ್ 3.02 ಆಗುತ್ತೆ. ನಡುವಿನದಕ್ಕೆ 110 ಮತ್ತು 12: 29.2 ವೋಲ್ಟ್ 2.87 ಆಗುತ್ತೆ. ಕೆಳಗಿನ ಅರ್ಧದ ಎರಡು ಪಟ್ಟಿಗೂ ಒಟ್ಟಿಗೂ ಒಂದು ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಕೂಗಿಸಿ. ಸತ್ತ ಸೆಲ್ 3 ವೋಲ್ಟಿನಷ್ಟು ವ್ಯತ್ಯಾಸ ತರುತ್ತೆ, ರೆಸಿಸ್ಟರ್ ಜಾರಿಕೆ ಅದನ್ನು ಮುಚ್ಚಲಾರದು. ಎರಡು ಅರ್ಧದಲ್ಲೂ ಒಂದೊಂದು ಸೆಲ್ ಒಟ್ಟಿಗೇ ಕೆಟ್ಟರೆ ಮಾತ್ರ ಇದು ಕಾಣಲ್ಲ.

ಎಡಿಎಸ್1115ನ್ನು 3.3 ವೋಲ್ಟಿನಲ್ಲೇ ಓಡಿಸಿ. 5 ವೋಲ್ಟ್ ಕೊಟ್ಟರೆ ಅದರ ಬೋರ್ಡಿನಲ್ಲಿರುವ ಪುಲ್‌ಅಪ್‌ಗಳು ಇಎಸ್‌ಪಿ32ರ ಪಿನ್ನಿಗೂ 5 ವೋಲ್ಟ್ ತರುತ್ತವೆ. ಮತ್ತೆ ತಾಮ್ರತಂತಿ ಹೇಳಿದ ಗ್ರೌಂಡ್ ಮಾತು ಇಲ್ಲಿಗೂ ಅನ್ವಯ: ಡಿವೈಡರಿನ ಕೆಳತುದಿ ಪಿ-ಮೈನಸ್‌ಗೇ ಹೋಗಲಿ, ಬಿ-ಮೈನಸ್ ವೈರು ಈ ಬೋರ್ಡಿಗೆ ಬರಲೇಬಾರದು. 100 ಆಂಪಿನಲ್ಲಿ ಮಾಸ್‌ಫೆಟ್‌ನಲ್ಲಿ ಬೀಳುವ ಅಷ್ಟಿಷ್ಟು ಮಿಲಿವೋಲ್ಟ್ ಒಂದು ವೋಲ್ಟಿನ ಮಿತಿಯ ಮುಂದೆ ಲೆಕ್ಕಕ್ಕಿಲ್ಲ. ಆದರೆ ಬಿಎಂಎಸ್ ಕಟ್ ಆದಾಗ ಪಿ-ಮೈನಸ್ ಪ್ಯಾಕಿನ ಪ್ಲಸ್ ಕಡೆಗೆ ಏರುತ್ತೆ, ಆಗ ನಡುವಿನ ಟ್ಯಾಪ್ ಅದಕ್ಕಿಂತ ಸುಮಾರು 29 ವೋಲ್ಟ್ ಕೆಳಗೆ ಹೋಗುತ್ತೆ. 110 ಕಿಲೋಓಮ್ ಇರುವುದರಿಂದ ಕರೆಂಟ್ ಕಾಲು ಮಿಲಿಆಂಪ್ ಮಾತ್ರ. ಆದರೂ ಇನ್‌ಪುಟ್‌ಗೆ ಒಂದು ಷಾಟ್ಕಿ ಡಯೋಡ್ ಗ್ರೌಂಡಿಗೆ ಹಾಕಿ, ಕ್ಯಾಥೋಡ್ ಇನ್‌ಪುಟ್ ಕಡೆ.

#9 ತಾಮ್ರತಂತಿ

ಸರ್ಕ್ಯೂಟ್ ಮಾತು ಆಯಿತು. ಕೈ ಸುಡುವುದು ಟ್ಯಾಪ್ ವೈರಿನಲ್ಲಿ, ಅದನ್ನು ಬಿಡಿಸಿ ಹೇಳ್ತೀನಿ.

ಫ್ಯೂಸ್ ಸೆಲ್ಲಿನ ತುದಿಯಲ್ಲಿರಬೇಕು, ಬೋರ್ಡಿನ ತುದಿಯಲ್ಲಲ್ಲ. ಹಂಪು ಹಾರಿ ಹಾರಿ ವೈರಿನ ಪ್ಲಾಸ್ಟಿಕ್ ಫ್ರೇಮಿಗೆ ಉಜ್ಜಿ ಹರಿದರೆ, ಬೋರ್ಡಿನ ಹತ್ತಿರದ ಫ್ಯೂಸ್ ಕಾಯುವುದು ಬೋರ್ಡನ್ನು ಮಾತ್ರ. ಹರಿದ ಜಾಗಕ್ಕೂ ಸೆಲ್ಲಿಗೂ ನಡುವೆ ಏನೂ ಇಲ್ಲದಿದ್ದರೆ ಆ ವೈರು ಕೆಂಪಗೆ ಕಾಯುತ್ತೆ. ಆಪ್ಟೋ ಬೋರ್ಡಿನ ಟ್ಯಾಪಿಗೆ 500 ಮಿಲಿಆಂಪ್ ಫ್ಯೂಸ್ ಸಾಕು. ಅಥವಾ ಲಗ್ಗಿನ ಪಕ್ಕದಲ್ಲೇ ಕಾಲು ವ್ಯಾಟಿನ 47 ಓಮ್ ರೆಸಿಸ್ಟರನ್ನು ವೈರಿಗೆ ಬೆಸೆದು ಸ್ಲೀವ್ ಹಾಕಿ: ಒಂದು ಮಿಲಿಆಂಪಿಗೆ 47 ಮಿಲಿವೋಲ್ಟ್ ಮಾತ್ರ ಬೀಳುತ್ತೆ. ಇಡೀ ಪ್ಯಾಕಿನ ವೋಲ್ಟೇಜಿಗೆ ಶಾರ್ಟ್ ಆದರೂ ಕರೆಂಟ್ ಒಂದು ಆಂಪ್ ಸುಮಾರಿಗೆ ನಿಲ್ಲುತ್ತೆ, ರೆಸಿಸ್ಟರ್ ತಾನು ಸುಟ್ಟು ತೆರೆದುಕೊಳ್ಳುತ್ತೆ. ಬಿಎಂಎಸ್‌ನ ಬ್ಯಾಲೆನ್ಸ್ ವೈರಿಗೆ ಮಾತ್ರ ರೆಸಿಸ್ಟರ್ ಹಾಕಬೇಡಿ. 50 ಮಿಲಿಆಂಪ್ ಬ್ಯಾಲೆನ್ಸ್ ಕರೆಂಟಿಗೆ 47 ಓಮ್‌ನಲ್ಲಿ 2.35 ವೋಲ್ಟ್ ಬಿದ್ದು ಬಿಎಂಎಸ್ ದಿಕ್ಕೆಡುತ್ತೆ. ಅಲ್ಲಿ ಫ್ಯೂಸ್ ಮಾತ್ರ.

ಟ್ಯಾಪ್ ಲಗ್ ಸೆಲ್ಲಿನ ಟರ್ಮಿನಲ್ ಮೇಲೆ ಕೂರಲಿ. ಬಸ್‌ಬಾರಿನ (ಸೆಲ್ಲುಗಳನ್ನು ಜೋಡಿಸುವ ಲೋಹದ ಪಟ್ಟಿ) ಆಚೆ ತುದಿಯಲ್ಲಿ ಬೇಡ. ಸಡಿಲ ಬೋಲ್ಟಿನ ಜೋಡಣೆ ಅರ್ಧ ಮಿಲಿಓಮ್ ಇದ್ದರೂ 100 ಆಂಪಿಗೆ 50 ಮಿಲಿವೋಲ್ಟ್ ತಿನ್ನುತ್ತೆ, ಪರದೆಯಲ್ಲಿ ಅದು ಕೆಟ್ಟ ಸೆಲ್ಲಿನಂತೆಯೇ ಕಾಣುತ್ತೆ. ಗುರುತಿಸುವುದು ಹೀಗೆ: ಎಕ್ಸಲರೇಟರ್ ಬಿಟ್ಟ ತಕ್ಷಣ ವೋಲ್ಟೇಜ್ ಚಟ್ಟನೆ ಮೂಲಸ್ಥಾನಕ್ಕೆ ಬಂದರೆ ಬೋಲ್ಟ್ ನೋಡಿ. ಮೆಲ್ಲಗೆ ಹತ್ತಾರು ಸೆಕೆಂಡ್ ತೆಗೆದುಕೊಂಡು ಏರಿದರೆ ಸೆಲ್ಲೇ ಬಳಲಿದೆ. ಅಲ್ಯೂಮಿನಿಯಂ ಟರ್ಮಿನಲ್ ಆದರೆ ಬಸ್‌ಬಾರ್ ಕೂರುವ ಮುಖವನ್ನು ಸಣ್ಣ ಎಮರಿ ಕಾಗದದಿಂದ ಉಜ್ಜಿ, ಪುಡಿ ಒರೆಸಿ, ತಡಮಾಡದೆ ಬಿಗಿ ಮಾಡಿ. ಆಕ್ಸೈಡ್ ಪದರ ಗಾಳಿಯಲ್ಲಿ ಮತ್ತೆ ಕೂರಲು ಹೊತ್ತು ಬೇಕಿಲ್ಲ.

ಒಂದು ಸೆಲ್ 3.9, ಅದರ ಪಕ್ಕದ್ದು 2.7, ಎರಡರ ಮೊತ್ತ ಮಾತ್ರ ಸರಿಯಾಗಿ 6.6 ಅಂತ ಕಂಡರೆ ಸೆಲ್ ಬದಲಿಸಲು ಓಡಬೇಡಿ. ಅವೆರಡರ ನಡುವಿನ ಟ್ಯಾಪ್ ವೈರು ಬಿಟ್ಟಿದೆ ಅಥವಾ ಪಿನ್ ತುಕ್ಕು ಹಿಡಿದಿದೆ. 2.5 ಮಿಲಿಮೀಟರ್ ಅಂತರದ ಬಿಳಿ ಸಾಕೆಟ್ಟುಗಳಲ್ಲಿ ಮಳೆನೀರು ಸೇರಿದರೆ ಪಿನ್ನುಗಳ ನಡುವೆ ಸದಾ 3 ವೋಲ್ಟ್ ಇರುವುದರಿಂದ ತಾಮ್ರ ಹಸಿರಾಗಿ ಕರಗುತ್ತೆ. ಸಾಕೆಟ್ಟಿನ ಬಾಯಿ ಕೆಳಮುಖವಾಗಿರಲಿ, ವೈರು ಸಾಕೆಟ್ಟಿಗಿಂತ ಕೆಳಗೆ ಒಂದು ಬಳಸು ಹಾಕಿ ಮೇಲೆ ಬರಲಿ. ನೀರು ಆ ಬಳಸಿನ ತಳದಲ್ಲೇ ತೊಟ್ಟಿಕ್ಕಿ ಹೋಗುತ್ತೆ.

ಪ್ಲಗ್ ಹಾಕುವ ಮುನ್ನ ಮಲ್ಟಿಮೀಟರಿನಲ್ಲಿ ಪಕ್ಕಪಕ್ಕದ ಪ್ರತಿ ಜೋಡಿ ಪಿನ್ ಅಳೆಯಿರಿ. 16 ಸಲವೂ 3.2 ಆಸುಪಾಸು ಬರಬೇಕು. ಎಲ್ಲಾದರೂ 6.5 ಅಥವಾ ಮೈನಸ್ ಕಂಡರೆ ವೈರಿನ ಸರದಿ ತಪ್ಪಿದೆ. ಕೈಯಲ್ಲಿ ಉಂಗುರ, ಲೋಹದ ವಾಚು ಬೇಡ. ಸ್ಪ್ಯಾನರಿಗೆ ತಲೆ ಬಿಟ್ಟು ಉಳಿದ ಉದ್ದಕ್ಕೆಲ್ಲ ಸ್ಲೀವ್ ಹಾಕಿ. ಎರಡು ಟರ್ಮಿನಲ್ ಮಧ್ಯೆ ಸ್ಪ್ಯಾನರ್ ಬಿದ್ದರೆ ಈ ಸೆಲ್ಲುಗಳು ಸಾವಿರಾರು ಆಂಪ್ ಕೊಡುತ್ತವೆ.

#10 ಘಟ್ಟದಮೇಲೆ

ಎಲ್ಲರೂ ಸೆಲ್ ಇಳಿಯುವುದನ್ನೇ ಮಾತಾಡ್ತಿದ್ದೀರಿ. ಆಗುಂಬೆ, ಚಾರ್ಮಾಡಿ ಕಡೆ ಇರುವವರಿಗೆ ಏರುವುದೂ ಅಷ್ಟೇ ಮುಖ್ಯ. ಘಟ್ಟದ ಮೇಲೆ ಮನೆಯಲ್ಲಿ ಪೂರ್ತಿ ಚಾರ್ಜ್ ಮಾಡಿ ಇಳಿಯಲು ಶುರು ಮಾಡಿದರೆ, ರೀಜೆನ್ ಬ್ರೇಕಿನ (ಮೋಟಾರೇ ಜನರೇಟರ್ ಆಗಿ ಬ್ಯಾಟರಿ ತುಂಬುತ್ತಾ ಗಾಡಿ ತಡೆಯುವುದು) ಕರೆಂಟಿಗೆ ಜಾಗವೇ ಇಲ್ಲ. ಒಂದು ಸೆಲ್ 3.65 ದಾಟಿದ ಕೂಡಲೇ ಬಿಎಂಎಸ್ ಚಾರ್ಜ್ ದಾರಿ ಮುಚ್ಚುತ್ತೆ. ಕಾಮನ್ ಪೋರ್ಟಿನಲ್ಲಿ ರೀಜೆನ್ ಬರುವುದೂ ಅದೇ ದಾರಿಯಲ್ಲಿ. ತಿರುವಿನ ನಡುವೆ ಮೋಟಾರಿನ ಬ್ರೇಕ್ ಮಾಯವಾಗುತ್ತೆ, ಮೋಟಾರ್ ಕೊಟ್ಟ ಶಕ್ತಿ ಕಂಟ್ರೋಲರಿನ ಕೆಪಾಸಿಟರಿಗೆ ನುಗ್ಗಿ ವೋಲ್ಟೇಜ್ ಜಿಗಿಯುತ್ತೆ.

ಲೆಕ್ಕ: ಸವಾರ ಸೇರಿ 200 ಕೆಜಿ, 500 ಮೀಟರ್ ಇಳಿತ, ಒಟ್ಟು ಶಕ್ತಿ ಸುಮಾರು 270 ವ್ಯಾಟ್‌ಅವರ್. ಗಾಳಿ, ಟೈರು, ಬ್ರೇಕಿಗೆ ಹೋಗಿ ಮೂರನೇ ಒಂದು ಭಾಗ ವಾಪಸ್ ಬಂತು ಅಂದುಕೊಂಡರೂ 90. ಈ ಪ್ಯಾಕ್ 2560 ವ್ಯಾಟ್‌ಅವರ್, ಶೇಕಡಾ ಮೂರೂವರೆ ಆಯಿತು. ಶೇಕಡಾ 90ಕ್ಕೆ ಚಾರ್ಜ್ ನಿಲ್ಲಿಸಿದರೆ ನಿಶ್ಚಿಂತೆ. ಅಲಾರಂ ಕೋಡಿನಲ್ಲಿ ಮೇಲಿನ ಮಿತಿಯೂ ಇರಲಿ: ಯಾವ ಸೆಲ್ 3.55 ದಾಟಿದರೂ ಬೇರೆ ಧಾಟಿಯ ಬೀಪ್. ಅದು ಕೇಳಿದರೆ ರೀಜೆನ್ ಸ್ವಿಚ್ ಆಫ್ ಮಾಡಿ, ಮಾಮೂಲಿ ಬ್ರೇಕ್ ಹಿಡಿಯಿರಿ.

#11 ಸಾಲ್ಡರ್‌ಕಡ್ಡಿ

ಅಲಾರಂ ಬಂದಾಗ ಗಾಡಿ ತಾನಾಗಿ ನಿಧಾನ ಆಗೋ ಹಾಗೆ ಆಪ್ಟೋ ಔಟ್‌ಪುಟ್ಟನ್ನು ಕಂಟ್ರೋಲರಿನ ಬ್ರೇಕ್ ಇನ್‌ಪುಟ್‌ಗೆ ಕೊಡಬಹುದಾ?

#12 ಮಿಲಿವೋಲ್ಟ್

ದಯವಿಟ್ಟು ಬೇಡ. ಬ್ರೇಕ್ ಇನ್‌ಪುಟ್ ಎಷ್ಟೋ ಕಂಟ್ರೋಲರಿನಲ್ಲಿ ರೀಜೆನ್ನನ್ನೂ ಎಬ್ಬಿಸುತ್ತೆ. ಹೆದ್ದಾರಿಯಲ್ಲಿ ಲಾರಿ ಹಿಂದೆ ಬರುತ್ತಿರುವಾಗ ಗಾಡಿ ತಾನಾಗಿ ಬ್ರೇಕ್ ಹಿಡಿದರೆ ಸೆಲ್ ಉಳಿಯುತ್ತೆ, ಸವಾರ ಉಳಿಯುವ ಖಾತ್ರಿ ಇಲ್ಲ. ಥ್ರಾಟಲ್ ಸಿಗ್ನಲನ್ನು ನೇರ ಗ್ರೌಂಡಿಗೆ ಎಳೆದರೂ ಅದು 0.8 ವೋಲ್ಟಿಗಿಂತ ಕೆಳಗೆ ಹೋಗಿ ಕಂಟ್ರೋಲರ್ ಅದನ್ನು ದೋಷ ಎಂದು ಓದಿ ಒಮ್ಮೆಲೇ ಕಟ್ ಮಾಡಬಹುದು.

ಸವಾರನಿಗೆ ಹೇಳಿ, ನಿರ್ಧಾರ ಅವರದಾಗಿರಲಿ. 2.9 ವೋಲ್ಟಿಗಿಂತ ಕೆಳಗೆ 3 ಸೆಕೆಂಡ್ ನಿಂತರೆ ನಿಧಾನ ಬೀಪ್ ಮತ್ತು ಆ ಸೆಲ್ಲಿನ ಸಂಖ್ಯೆ. 2.7ಕ್ಕೆ ಬಿಡದೆ ಬೀಪ್, ದೀಪ ಲ್ಯಾಚ್. 2.5ಕ್ಕೆ ಬಿಎಂಎಸ್ ತಾನೇ ಕಟ್ ಮಾಡಲಿ. ಸರಾಸರಿಗಿಂತ ಒಂದು ಸೆಲ್ 100 ಮಿಲಿವೋಲ್ಟ್ ಕೆಳಗೆ 5 ಸೆಕೆಂಡ್ ಉಳಿದರೆ ಬೀಪ್ ಬೇಡ, ದಾಖಲೆ ಸಾಕು.

#13 ಎಸ್‌ಪಿ_ರೋಡ್

ಆಪ್ಟೋ ಬೋರ್ಡನ್ನು ನೇರ ಪ್ಯಾಕಿಗೆ ಹಾಕಿ ಪರೀಕ್ಷಿಸಬೇಡಿ, ಮೊದಲು ಮೇಜಿನ ಮೇಲೆ. ಅರ್ಧ ವ್ಯಾಟಿನ 100 ಓಮ್ ರೆಸಿಸ್ಟರ್ 16 ಸೀರೀಸಿನಲ್ಲಿ ಬೆಸೆಯಿರಿ, ಎರಡು 24 ವೋಲ್ಟ್ ಎಸ್‌ಎಂಪಿಎಸ್ ಸೀರೀಸಿನಲ್ಲಿ ಸೇರಿಸಿ 48 ವೋಲ್ಟ್ ಕೊಡಿ. ಪ್ರತಿ ರೆಸಿಸ್ಟರ್ ಮೇಲೆ 3 ವೋಲ್ಟ್, ಹರಿಯೋದು 30 ಮಿಲಿಆಂಪ್. ಇದೇ ಹುಸಿ ಪ್ಯಾಕ್. ಶಾರ್ಟ್ ಆದರೂ ನಿಜವಾದ ಪ್ಯಾಕಿನಷ್ಟು ಅಪಾಯ ಇಲ್ಲ. ಈಗ ಒಂದು 330 ಓಮ್ ರೆಸಿಸ್ಟರನ್ನು ಒಂದೊಂದೇ ಸೆಲ್ಲಿಗೆ ಸಮಾನಾಂತರವಾಗಿ ಮುಟ್ಟಿಸಿ. ಅದು ಸುಮಾರು 2.3ಕ್ಕೆ ಇಳಿದು ಅಲಾರಂ ಬರಬೇಕು, ತೆಗೆದರೆ ಆರಬೇಕು. ಲ್ಯಾಚ್ ಕೋಡ್ ಇದಾದ ಮೇಲೆ ಹಾಕಿ. 16ನ್ನೂ ಮುಟ್ಟಿಸಿ ನೋಡಿ, ಹದಿನೈದು ಸರಿ ಬಂತು ಅಂತ ನಿಲ್ಲಿಸಬೇಡಿ. ಡಿಟೆಕ್ಟರ್ ಪೊಟ್ಟಣದಲ್ಲಿ ಬೇರೆ ವೋಲ್ಟೇಜಿನದು ಬೆರೆತಿರುವುದುಂಟು, ಅಚ್ಚು ಓದುವುದಕ್ಕಿಂತ ಅಳೆಯುವುದು ಖಚಿತ.

ತೇರ್ಗಡೆಯಾದ ಬೋರ್ಡಿಗೆ ಸಾಕೆಟ್ಟಿನ ಪಿನ್ ಬಿಟ್ಟು ಎರಡು ಕೋಟ್ ಪಿಸಿಬಿ ಲ್ಯಾಕರ್ ಹೊಡೆಯಿರಿ.

#14 ಬೈಟ್‌ಬಸವ

ಇನ್ನೊಂದು ಎಚ್ಚರಿಕೆ, ಕಂಪನಿಯ ಪ್ಯಾಕ್ ಇರುವ ಗಾಡಿಯವರಿಗೆ. ಆ ಪ್ಯಾಕ್ ಎಐಎಸ್-156 (ಎಲೆಕ್ಟ್ರಿಕ್ ದ್ವಿಚಕ್ರ ಗಾಡಿಗಳ ಸುರಕ್ಷತೆಯ ಭಾರತೀಯ ಮಾನದಂಡ) ಪರೀಕ್ಷೆಯಲ್ಲಿ ಇಡಿಯಾಗಿ ಪಾಸಾದದ್ದು. ಟ್ಯಾಪ್ ವೈರು ತರಲು ಪೆಟ್ಟಿಗೆಗೆ ತೂತು ಕೊರೆದರೆ ನೀರುಬಿಗಿತ ಹೋಯಿತು, ವಾರಂಟಿಯೂ ಹೋಯಿತು. ಅಂಥವರು ಪೆಟ್ಟಿಗೆ ತೆರೆಯದೆ ಸಿಗುವ ಡೇಟಾ ಮಾತ್ರ ಓದಿ. ಇಲ್ಲಿನ ಟ್ಯಾಪ್ ಕೆಲಸ ಸ್ವಂತ ಕಟ್ಟಿದ ಪ್ಯಾಕಿನವರಿಗೆ.

#15 ಸಾಲ್ಡರ್‌ಕಡ್ಡಿ

ಬ್ಲೂಟೂತ್ ಓದು ಶುರುವಾಗಿದೆ. ನಿಂತಾಗ 16 ಸೆಲ್ಲೂ 3.29ರಿಂದ 3.30ರ ಒಳಗಿವೆ. 40 ಆಂಪಿಗೆ 11ನೇ ಸೆಲ್ 3.17, ಉಳಿದವು 3.23. ಗಾಡಿ ನಿಲ್ಲಿಸಿದ ಮೇಲೆ ಅದು ವಾಪಸ್ ಬರಲು ಅರ್ಧ ನಿಮಿಷ ತೆಗೆದುಕೊಳ್ಳುತ್ತೆ. ಪ್ಯಾಕ್ ಬ್ಯಾಲೆನ್ಸ್ ಆಗಿದೆ ಅಂತಾನಾ?

#16 ಮಿಲಿವೋಲ್ಟ್

ನಿಂತಾಗಿನ ಸಂಖ್ಯೆಯಿಂದ ಹಾಗೆ ಹೇಳಲಾಗದು. ಎಲ್‌ಎಫ್‌ಪಿ ನಡುಭಾಗದಲ್ಲಿ ಚಪ್ಪಟೆ: ಶೇಕಡಾ 40 ಇರುವ ಸೆಲ್ಲಿಗೂ 60 ಇರುವ ಸೆಲ್ಲಿಗೂ ವ್ಯತ್ಯಾಸ ಹತ್ತಾರು ಮಿಲಿವೋಲ್ಟ್ ಅಷ್ಟೆ. ಬ್ಯಾಲೆನ್ಸ್ ತಿಳಿಯುವುದು ಚಾರ್ಜಿನ ಕೊನೆಯಲ್ಲಿ, 3.45ರ ಮೇಲೆ.

11ನೆಯದರ ಲೆಕ್ಕ ಬೇರೆ. 3.295ರಿಂದ 3.17, 125 ಮಿಲಿವೋಲ್ಟ್ ಭಾಗಿಸು 40, ಸುಮಾರು 3.1 ಮಿಲಿಓಮ್. ಉಳಿದವು 65 ಭಾಗಿಸು 40, 1.6. ನಿಧಾನವಾಗಿ ಏರುತ್ತಿದೆ ಅಂದರೆ ಬೋಲ್ಟಿಗಿಂತ ಸೆಲ್ಲಿನ ಮೇಲೇ ಅನುಮಾನ. ಆದರೂ ಬೋಲ್ಟ್ ಬಿಗಿ ಮಾಡುವುದಕ್ಕೆ ಕಾಸು ಖರ್ಚಿಲ್ಲ, ಮೊದಲು ಅದನ್ನೇ ಮಾಡಿ. 10 ಮತ್ತು 11ನ್ನು ಒಂದಕ್ಕೊಂದು ಜಾಗ ಬದಲಿಸಿ ಮತ್ತೆ ಅದೇ 40 ಆಂಪಿಗೆ ಓದಿ. ಕುಸಿತ ಸೆಲ್ ಜೊತೆ 10ಕ್ಕೆ ಹೋದರೆ ಸೆಲ್ ಬದಲಿಸಬೇಕು. 11ರಲ್ಲೇ ಉಳಿದರೆ ಬಸ್‌ಬಾರ್ ಅಥವಾ ಟ್ಯಾಪ್. ಜಾಗ ಬದಲಿಸುವ ಮುನ್ನ ಬಿಎಂಎಸ್‌ನ ಬ್ಯಾಲೆನ್ಸ್ ಪ್ಲಗ್ ಮತ್ತು ಆಪ್ಟೋ ಪ್ಲಗ್ ಎರಡನ್ನೂ ಕಳಚಿ, ಬಿ-ಮೈನಸ್ ವೈರು ಕೊನೆಗೆ ತೆಗೆಯಿರಿ. ವಾಪಸ್ ಹಾಕುವಾಗ ಬಿ-ಮೈನಸ್ ಮೊದಲು.

#17 ಸಾಲ್ಡರ್‌ಕಡ್ಡಿ

ಬೋಲ್ಟ್ ಬಿಗಿ ಮಾಡಿದರೂ ಹಾಗೇ ಇತ್ತು. ಜಾಗ ಬದಲಿಸಿ 40 ಆಂಪಿಗೆ ಓದಿದಾಗ 10ನೆಯದು 3.17, 11ನೆಯದು 3.23. ಕುಸಿತ ಸೆಲ್ ಜೊತೆಗೇ ಹೋಗಿದೆ. ಬದಲಿ ಸೆಲ್ ಹುಡುಕ್ತಿದ್ದೀನಿ.

#18 ಮಿಲಿವೋಲ್ಟ್

ಬರುವ ಸೆಲ್ಲನ್ನು ಹಾಗೇ ಸೇರಿಸಬೇಡಿ. ಒಂದೇ ಸೆಲ್ಲಿನ ಚಾರ್ಜರಿನಲ್ಲಿ ಅದನ್ನು 3.55ಕ್ಕೆ ತುಂಬಿ, ಕರೆಂಟ್ 2 ಆಂಪಿಗೆ ಇಳಿಯುವವರೆಗೆ ಬಿಡಿ. ಉಳಿದ ಹದಿನೈದನ್ನೂ ಪೂರ್ತಿ ಚಾರ್ಜ್ ಆದ ಸ್ಥಿತಿಗೆ ತಂದ ಮೇಲೆ ಸೇರಿಸಿ. ಅಲ್ಲಿಯವರೆಗೆ 40 ಆಂಪ್ ದಾಟಿಸಬೇಡಿ, ಕಂಟ್ರೋಲರಿನಲ್ಲೇ ಬ್ಯಾಟರಿ ಕರೆಂಟಿನ ಮಿತಿ ಇಳಿಸಿಡಿ.